ಶಾಖ ನೋಡಿಕೊಳ್ಳುವ ಪೆಟ್ಟಿಗೆ

"ಫ್ಯಾನು ಬೇಕಂತೆ ಮಹಾರಾಣಿಗೆ. ಬರೀ ಫ್ಯಾನು ಸಾಕಾ, ಇಲ್ಲ ಬೀಸೋಕೆ ಇಬ್ಬರು ದಾಸಿಯರನ್ನೂ ಕಳಿಸ್ಲಾ?"

ಮೇಸ್ತ್ರಿ ಇದನ್ನು ಹೇಳಿದ್ದು ಬಟ್ಟೆ ಮಡಿಸುವ ಇಡೀ ಹಾಲಿಗೆ ಕೇಳಲಿ ಎಂದೇ. ಮಡಿಕೆಯಕ್ಕ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಮಂಚದ ಹಾಸುಬಟ್ಟೆಯ ಎರಡು ತುದಿಗಳಿದ್ದವು. ಇನ್ನೆರಡು ಆಚೆ ಕೊನೆಯಲ್ಲಿ ಜೊತೆಗಾತಿ ಕುಳ್ಳಿಯ ಕೈಯಲ್ಲಿದ್ದವು. ಹೋಟೆಲು, ಆಸ್ಪತ್ರೆಗಳಿಂದ ಲಾರಿಗಟ್ಟಲೆ ಬರುವ ಬಟ್ಟೆಯನ್ನು ಒಗೆದು, ಉಗಿಯಿಂದ ಕಾದ ಉರುಳೆಯ ಕೆಳಗೆ ಹಾಯಿಸಿ, ಮಡಿಸಿ ಕಳಿಸುವ ಕಾರ್ಖಾನೆ ಅದು. ಉರುಳೆಯಿಂದ ಹೊರಬಿದ್ದ ಬಟ್ಟೆ ಬೆರಳ ತುದಿಯನ್ನು ಕಚ್ಚುತ್ತಿತ್ತು. ಇಬ್ಬರೂ ಒಮ್ಮೆ ಜಾಡಿಸಿ, ಎದುರುಬದುರು ನಡೆದು ಬಂದು, ತುದಿಗೆ ತುದಿ ಒಪ್ಪಿಸಿ, ಮತ್ತೆ ಹಿಂದೆ ಸರಿಯಬೇಕು. ದೂರದಿಂದ ನೋಡಿದವರಿಗೆ ಕುಣಿತದಂತೆ ಕಾಣುತ್ತದೆ. ಆ ಕುಣಿತದಲ್ಲೇ ಅವಳ ತಲೆ ನೆರೆತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಅದರಲ್ಲೇ ಎಲ್ಲೋ ಮಡಿಕೆಯೊಳಗೆ ಸೇರಿಹೋಗಿ, ಎಲ್ಲರ ಬಾಯಲ್ಲೂ ಮಡಿಕೆಯಕ್ಕ ಎಂಬುದೊಂದು ಉಳಿದಿತ್ತು.

ಅವಳು ಫ್ಯಾನು ಕೇಳಿದ್ದು ತನಗಲ್ಲ, ಗಂಡನಿಗೆ. ಅವನೂ ಇದೇ ಕಾರ್ಖಾನೆಯಲ್ಲಿ ಸವೆದವನೇ. ಬಾಯ್ಲರಿನ ಹೊಟ್ಟೆಗೆ ಸೌದೆ ತುಂಬಿ ಉರಿ ಕಾಯುವ ಕೆಲಸ ಮಾಡಿ ಉರಿಯಣ್ಣ ಎನಿಸಿಕೊಂಡವನು. ಒಂದು ಬೆಳಿಗ್ಗೆ ಸೌದೆ ಎತ್ತಲು ಬಗ್ಗಿದವನು ಹಾಗೇ ಒರಗಿದ. ಎಡಗೈ, ಎಡಗಾಲು, ಅರ್ಧ ಬಾಯಿ ಅವನ ಮಾತು ಕೇಳುವುದನ್ನು ಬಿಟ್ಟವು. ಉಳಿದರ್ಧ ಬಾಯಿ ಮಾತ್ರ ಮೊದಲಿಗಿಂತ ಹರಿತವಾಯಿತು. ಹೆಂಡತಿ ಇನ್ನೂ ಮಡಿಸುತ್ತಾಳೆ ಎಂಬ ಕಾರಣಕ್ಕೆ ಅವರನ್ನು ಬಾಯ್ಲರಿನ ಬೆನ್ನಿಗಿದ್ದ ಕೋಣೆಯಲ್ಲಿ ಇರಗೊಟ್ಟಿದ್ದರು.

ಕೋಣೆ ಅಂದರೆ ಹಿಂದೆ ಸೌದೆ ಒಟ್ಟುತ್ತಿದ್ದ ಗೂಡು. ಸೌದೆಗೆ ಒಳಗಿನಿಂದ ಬಾಗಿಲು ಹಾಕಿಕೊಳ್ಳುವ ಹಂಗಿಲ್ಲವಲ್ಲ, ಅದಕ್ಕೆ ಚಿಲಕ ಹೊರಗೆ ಮಾತ್ರ. ಮೇಲೆ ತಗಡು. ಒಂದು ಗೋಡೆ ಬಾಯ್ಲರಿನದು. ಅದಕ್ಕೆ ಬೆನ್ನು ತಾಗಿದರೆ ಬೊಬ್ಬೆ ಏಳುತ್ತಿತ್ತು. ಇನ್ನೊಂದು ಗೋಡೆಯಲ್ಲಿ ಸರಳು ಹಾಕಿದ ಒಂದು ಕಿಂಡಿ. ಅದರ ಎದುರಿಗೇ ಧಣಿಯ ಆಫೀಸಿನ ಎಸಿಯ ಹಿಂಬದಿ. ಧಣಿ ಒಳಗೆ ತಂಪಾದಷ್ಟೂ ಅದು ಇತ್ತ ಬಿಸಿಯುಸಿರು ಬಿಡುತ್ತಿತ್ತು. "ಧಣಿಗಳ ಹೂಸು ಕುಡ್ಕೊಂಡು ಬದುಕಿದೀನಿ ಕಣೇ, ಇದಕ್ಕಿಂತ ಪುಣ್ಯ ಬೇಕಾ" ಎಂದು ಉರಿಯಣ್ಣ ನಗುತ್ತಿದ್ದ. ಇದೆಲ್ಲದರ ನಡುವೆ ತಗಡಿಗೆ ಜೋತುಬಿದ್ದು ಕಿರುಗುಟ್ಟುವ ಒಂದು ಫ್ಯಾನು. ಬಿಸಿ ಗಾಳಿಯನ್ನೇ ಕಲಕಿದರೂ, ಬೆವರು ಆರುತ್ತಿತ್ತು. ಆ ಫ್ಯಾನನ್ನು ಮೇಸ್ತ್ರಿ ಬಿಚ್ಚಿಸಿಕೊಂಡು ಹೋಗಿದ್ದ.

ಕಾರಣ ಊರಿಗೆಲ್ಲ ಗೊತ್ತಿತ್ತು. ಕಡಿಮೆ ಕರೆಂಟು ಉರಿಸುವ ಕಾರ್ಖಾನೆಗೆ ಹಸಿರು ಬಿರುದು ಕೊಡುತ್ತಾರಂತೆ. ಧಣಿಗೆ ಅದು ಬೇಕಾಗಿತ್ತು. ಆಫೀಸಿನ ಎಸಿ ಅವರ ಮನೆಯ ಮೀಟರಿಗೆ ಸೇರಿದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಕೆಲಸದವರ ಫ್ಯಾನು, ಕೆಲಸದವರ ದೀಪ. ದಿನವಿಡೀ ಮಲಗಿರುವವನಿಗೆ ಗಾಳಿಯಾದರೂ ಯಾಕೆ ದಂಡ ಎಂದು ಮೊದಲ ಕೈ ಅವಳ ಕೋಣೆಗೇ ಬಿತ್ತು.

ಮೇಸ್ತ್ರಿಯ ಹತ್ತಿರ ಆಗದ್ದನ್ನು ಧಣಿಯ ಹತ್ತಿರವೇ ಕೇಳೋಣವೆಂದು ಅವಳು ಆಫೀಸಿಗೆ ಹೋದಳು. ಬಾಗಿಲು ತೆಗೆದದ್ದೇ ಮೈಮೇಲಿನ ಬೆವರು ತಣ್ಣಗೆ ಚುಚ್ಚಿತು. ಧಣಿ ಉಣ್ಣೆಯ ಅಂಗಿ ತೊಟ್ಟು ಕುಳಿತಿದ್ದರು.

"ಅಲ್ಲೇ, ಅಲ್ಲೇ ನಿಂತ್ಕೊ. ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕಬೇಡ."

ಅವಳು ಹೊಸಿಲ ಹೊರಗೇ ನಿಂತು ಹೇಳಿದಳು. ಧಣಿ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದು ಮೇಸ್ತ್ರಿಯ ಬಾಯಿಂದ ಮಾತ್ರ. ಭೂಮಿಯೇ ಕಾದು ಕೆಂಡವಾಗುತ್ತಿದೆ, ಹಿಮದ ಬೆಟ್ಟಗಳು ಕರಗುತ್ತಿವೆ, ಹೀಗಿರುವಾಗ ಪ್ರತಿಯೊಬ್ಬನೂ ಅಷ್ಟಿಷ್ಟು ತ್ಯಾಗ ಮಾಡಬೇಕು ಎಂದು ತಿಳಿಹೇಳಿದರು. ಎದುರಿಗೆ ಕುರ್ಚಿಯಲ್ಲಿ ಒಬ್ಬ ಕನ್ನಡಕದ ಯುವಕನಿದ್ದ. ಎಲ್ಲೆಲ್ಲಿ ಎಷ್ಟು ಶಾಖ, ಯಾರು ಎಷ್ಟು ಕರೆಂಟು ಉರಿಸುತ್ತಾರೆ ಎಂದು ಅಳೆಯಲು ಯಾವುದೋ ಸಂಸ್ಥೆಯಿಂದ ಬಂದವನು. ಅವನಿಗೆ ಅಯ್ಯೋ ಎನ್ನಿಸಿರಬೇಕು.

"ಇವರ ರೂಮಲ್ಲಿ ಒಂದು ಪೆಟ್ಟಿಗೆ ಹಾಕ್ತೀನಿ ಸರ್" ಎಂದ. ಅವಳ ಕಡೆ ತಿರುಗಿ, "ಹೆದರ್ಬೇಡಿ ಅಮ್ಮಾ. ಇನ್ಮೇಲೆ ಆ ಪೆಟ್ಟಿಗೆ ನಿಮ್ಮ ರೂಮಿನ ಶಾಖ ನೋಡ್ಕೊಳ್ಳುತ್ತೆ" ಎಂದ.

ನೋಡಿಕೊಳ್ಳುವುದು ಅಂದರೆ ಅವಳಿಗೆ ಒಂದೇ ಅರ್ಥ. ಅವಳು ಗಂಡನನ್ನು ನೋಡಿಕೊಳ್ಳುತ್ತಿದ್ದಳಲ್ಲ, ಹಾಗೆ. ಎರಡೂ ಕೈ ಎತ್ತಿ ಮುಗಿದಳು. ಧಣಿಯ ಮುಂದೆ ಅಷ್ಟು ಮನಸ್ಸಿಟ್ಟು ಅವಳು ಎಂದೂ ಕೈ ಮುಗಿದವಳಲ್ಲ.

ಪೆಟ್ಟಿಗೆ ಬಂತು. ಅಂಗೈಯಗಲ, ಹಾಲಿನಂತೆ ಬಿಳುಪು, ಮುಖದಲ್ಲೊಂದು ಪುಟ್ಟ ಗಾಜು, ಅದರಲ್ಲಿ ಅಂಕಿಗಳು, ಮೂಲೆಯಲ್ಲೊಂದು ಕೆಂಪು ದೀಪ. ಅಳತೆಯವನು ಅದನ್ನು ಉರಿಯಣ್ಣನ ತಲೆಯ ಕಡೆ ಮೊಳೆಗೆ ತಗುಲಿಸಿದ. ಬಾಯ್ಲರಿನ ಮುಳ್ಳು ಕೆಂಪು ಗೆರೆ ದಾಟಿದರೆ ಅಪಾಯವೆಂದು ಉರಿಯಣ್ಣ ಬಲ್ಲ. ಇದಕ್ಕೆ ಮುಳ್ಳೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಅಕ್ಷರ, ಅಂಕಿ ದೂರದ ನೆಂಟರು.

"ಭೂಮಿ ಕಾಯ್ತಾ ಇರೋದು ಯಾರಿಂದ ಸ್ವಾಮಿ?" ಉರಿಯಣ್ಣ ಕೇಳಿದ.

"ಎಲ್ಲರಿಂದಲೂ ತಾತ. ಸೌದೆ, ಕಲ್ಲಿದ್ದಲು ಉರಿಸಿ ಉರಿಸಿ."

"ಹಾಗಾದ್ರೆ ಅಪರಾಧಿ ಸಿಕ್ಕಿದಾನೆ ಬಿಡಿ, ಮಂಚದ ಮೇಲೇ ಇದಾನೆ. ಆಯುಸ್ಸೆಲ್ಲಾ ಉರಿ ಹಾಕಿದ್ದು ನಾನೇ. ಓಡಿಹೋಗೋಣ ಅಂದ್ರೆ ಕಾಲಿಲ್ಲ."

ಅಳತೆಯವನು ನಗಲೋ ಬೇಡವೋ ತಿಳಿಯದೆ ಮೊಳೆಯನ್ನು ಇನ್ನೊಮ್ಮೆ ಅಲುಗಿಸಿ ನೋಡಿದ. ಹೊರಡುವಾಗ, "ಜಾಸ್ತಿ ಕಾದ್ರೆ ಕೂಗುತ್ತೆ, ಗಾಬರಿಯಾಗ್ಬೇಡಿ" ಎಂದ. ಏನು ಕಾದರೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಅವನ ಹಿಂದೆ ನಿಂತಿದ್ದ ಮೇಸ್ತ್ರಿ ಹೋಗುತ್ತಾ ಬಾಗಿಲಿನಿಂದ ಕತ್ತು ಚಾಚಿ, "ಆ ಪೆಟ್ಟಿಗೆಗೆ ಏನಾದ್ರೂ ಆಯ್ತೋ, ನೀನೂ ನಿನ್ನ ಹೆಣವೂ ಬೀದೀಲಿ ಇರ್ತೀರಿ, ನೆನಪಿಟ್ಕೋ ಮುಂಡೆ. ನಿಮ್ಮಿಬ್ಬರನ್ನ ಮಾರಿದ್ರೂ ಅದು ಬರಲ್ಲ" ಎಂದ.

ಮಾರನೆಯ ದಿನ ಬಿಸಿಲೇರಿದ್ದೇ ಪೆಟ್ಟಿಗೆ ಕೂಗಿತು. ಕಿಂಯ್ ಕಿಂಯ್ ಎಂದು ಎಳೆಗೂಸಿನ ಹಟ. ಚಹಾದ ಬಿಡುವಿನಲ್ಲಿ ಓಡಿ ಬಂದ ಮಡಿಕೆಯಕ್ಕ ಅದನ್ನು ಮುಟ್ಟಿ ನೋಡಿದಳು. ಸುಡುತ್ತಿತ್ತು.

"ಕೂಸಿಗೆ ಜ್ವರ ಕಣೇ" ಎಂದ ಉರಿಯಣ್ಣ. "ಹೊಸ ಜಾಗ, ಒಗ್ಗಿಲ್ಲ."

ಮಕ್ಕಳಾಗದ ಆ ಕೋಣೆಯಲ್ಲಿ ಅಂದಿನಿಂದ ಪೆಟ್ಟಿಗೆಗೆ ಕೂಸು ಎಂದೇ ಹೆಸರಾಯಿತು. ಜ್ವರ ಬಂದ ಕೂಸಿಗೆ ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು. ಹರಿದ ಹಾಸುಬಟ್ಟೆಯ ಎರಡು ತುಂಡು ಅವಳಲ್ಲಿದ್ದವು. ಎರಡನ್ನೂ ಒದ್ದೆ ಮಾಡಿ ಗಂಡನ ಎದೆಗೊಂದು ಹಣೆಗೊಂದು ಹಾಕುತ್ತಿದ್ದಳು. ಎದೆಯದನ್ನು ತೆಗೆದು ಪೆಟ್ಟಿಗೆಗೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಅದು ಬಾಯಿ ಮುಚ್ಚಿತು.

ಹೀಗೇ ನಡೆಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಕೂಸಿಗೆ ಒದ್ದೆ ಬಟ್ಟೆ, ಬಿಡುವು ಸಿಕ್ಕಾಗೊಮ್ಮೆ ಓಡಿ ಬಂದು ಮತ್ತೆ ಒದ್ದೆ. ಕೋಣೆ ಮಾತ್ರ ತಣ್ಣಗಾಗಲಿಲ್ಲ. "ಶಾಖ ನೋಡ್ಕೊಳ್ಳುತ್ತೆ ಅಂದಿದ್ದ ಪುಣ್ಯಾತ್ಮ" ಎಂದು ಅವಳು ಗೊಣಗಿದರೆ, ಉರಿಯಣ್ಣ ಕೂಸಿನ ಪರ ವಹಿಸುತ್ತಿದ್ದ. ಮೊದಲು ಅದರ ಜ್ವರ ಬಿಡಲಿ. ತಾನೇ ಹಾಸಿಗೆ ಹಿಡಿದವನು ಇನ್ನೊಬ್ಬರನ್ನು ಹೇಗೆ ನೋಡಿಕೊಂಡಾನು, ನನ್ನನ್ನೇ ನೋಡು ಎನ್ನುತ್ತಿದ್ದ. ಅವಳಿಗೂ ಅದು ನಿಜವೆನ್ನಿಸುತ್ತಿತ್ತು.

ಆ ವರ್ಷದ ಬಿಸಿಲು ಯಾರಪ್ಪನ ಮಾತನ್ನೂ ಕೇಳಲಿಲ್ಲ. ಗೇಟಿನ ಕಾವಲು ನಾಯಿ ಲಾರಿಯ ನೆರಳಲ್ಲಿ ಮಲಗಿದ್ದು ಏಳಲೇ ಇಲ್ಲ. ಉರುಳೆಯ ಹತ್ತಿರ ಒಬ್ಬಳು ಮುಗ್ಗರಿಸಿ ಬಿದ್ದು ಮೊಣಕೈ ಬೇಯಿಸಿಕೊಂಡಳು. ಅವಳ ಚರ್ಮ ಅಂಟಿ ಕೊಳೆಯಾದ ಬಟ್ಟೆಯನ್ನು ಅವಳಿಂದಲೇ ಮತ್ತೆ ಒಗೆಸಿದರು. ಅಂಥದ್ದೊಂದು ಬೆಳಿಗ್ಗೆ ಮಡಿಕೆಯಕ್ಕ ನಲ್ಲಿಯ ಹತ್ತಿರ ತುಂಡು ಬಟ್ಟೆಗಳನ್ನು ನೆನೆಸುತ್ತಿದ್ದಾಗ ಮೇಸ್ತ್ರಿ ಬಂದ.

"ಯಾವ ಹೋಟೆಲಿನ ಮಾಲು ಇದು?"

ಹರಿದು ಬಿಸಾಕಿದ್ದು, ನೆಲ ಒರೆಸಲಿಕ್ಕೂ ಬಾರದ್ದು ಎಂದಳು.

"ಬಿಸಾಕಿದ್ದೂ ಧಣಿಗಳದೇ. ಕಳ್ಳಿ. ಬಟ್ಟೆ ಸಾಲದು ಅಂತ ನೀರು ಬೇರೆ." ಒಂದು ತುಂಡನ್ನು ಅವಳ ಕೈಯಿಂದ ಕಿತ್ತು, ಅದರಿಂದಲೇ ಅವಳ ಮುಖಕ್ಕೆ ಒಂದು ಬೀಸಿದ. ಒದ್ದೆ ಬಟ್ಟೆಯ ಏಟು ಚಪ್ಪಲಿಗಿಂತ ಜೋರು. ಹಾಲಿನಲ್ಲಿ ಯಾರೋ ನಕ್ಕರು, ನಕ್ಕದ್ದಕ್ಕೆ ತಾವೇ ನಾಚಿ ಕೆಮ್ಮಿದರು.

ಒಂದು ತುಂಡು ಉಳಿಯಿತು. ಕೋಣೆಗೆ ಬಂದಾಗ ಕೂಸು ಆಗಲೇ ಅಳುತ್ತಿತ್ತು. ಉರಿಯಣ್ಣನ ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಬೆವರು ನಿಂತುಹೋಗಿತ್ತು. ಅವಳು ಬಟ್ಟೆ ಹಿಡಿದುಕೊಂಡು ಇಬ್ಬರ ನಡುವೆ ನಿಂತಳು.

"ಕೂಸಿಗೆ ಹಾಕು" ಎಂದ ಅವನು. "ಅದರ ಕೂಗು ಕೇಳಿ ಆ ಬೋಳಿಮಗ ಬಂದಾನು. ನಾನು ಒಲೆ ಬಾಯಲ್ಲಿ ಬೆಳೆದೋನು, ನಂಗೇನಾಗುತ್ತೆ."

"ನಿನ್ನ ಹಣೆ ಸುಡ್ತಿದೆಯಲ್ಲೋ ಮುದುಕಾ."

"ಸುಟ್ಟರೆ ಸುಡಲಿ. ಬೀದಿಗೆ ಬಿದ್ರೆ ನನ್ನ ಹೊರೋಕೆ ನಿನ್ನ ಕೈಲಾಗುತ್ತಾ? ಹಾಕು ಅಂದ್ನಲ್ಲ."

ಅವಳು ಕೂಸಿಗೆ ಸುತ್ತಿ, ಒಣಗದಿರಲೆಂದು ಬಟ್ಟೆಯ ತುದಿಯನ್ನು ಕೆಳಗಿಟ್ಟ ನೀರಿನ ತಂಬಿಗೆಯೊಳಗೆ ಇಳಿಬಿಟ್ಟಳು. ಲೋಟ ತುಂಬ ನೀರು ತುಂಬಿ ಅವನ ಬಲಗೈಗೆ ಎಟುಕುವಂತಿಟ್ಟು ಓಡಿದಳು. ಆ ದಿನ ಮೇಸ್ತ್ರಿ ಚಹಾದ ಬಿಡುವನ್ನೂ ಕೊಡಲಿಲ್ಲ.

ಸಂಜೆ ಅವಳು ಬಾಗಿಲು ನೂಕಿದಾಗ ಲೋಟ ತುಂಬಿದ್ದ ಹಾಗೇ ಇತ್ತು. ಕೈ ಅದರ ಕಡೆ ಚಾಚಿ, ನಡುದಾರಿಯಲ್ಲಿ ನಿಂತಿತ್ತು. ಮೈ ಮುಟ್ಟಿದಳು. ಉರುಳೆಯಿಂದ ಈಗಷ್ಟೇ ಹೊರಬಿದ್ದ ಬಟ್ಟೆಯಂತೆ ಅದು ಇನ್ನೂ ಬಿಸಿಯಾಗಿತ್ತು. ಸತ್ತವರು ತಣ್ಣಗಾಗುತ್ತಾರೆ ಎಂದು ಕೇಳಿದ್ದ ಅವಳು, ಆ ಬಿಸಿಯನ್ನು ನಂಬಿ ಬಹಳ ಹೊತ್ತು ಅವನನ್ನು ಮಾತಾಡಿಸಿದಳು. ಪೆಟ್ಟಿಗೆ ಒದ್ದೆ ಬಟ್ಟೆಯೊಳಗೆ ಸದ್ದಿಲ್ಲದೆ ತಣ್ಣಗಿತ್ತು.

ಉರಿಯಣ್ಣ ಬಿಸಿಲಿಗೆ ಬೆಂದು ಸತ್ತ ಎಂಬ ಮಾತು ಹಾಲಿನಲ್ಲಿ ಕೈಯಿಂದ ಕೈಗೆ ಬಟ್ಟೆಯಂತೆ ದಾಟಿತು. ಧಣಿಗೆ ಅದು ಹಿಡಿಸಲಿಲ್ಲ. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಅಳತೆಯವನನ್ನು ಕರೆಸಿದರು. ಅವನು ಪೆಟ್ಟಿಗೆಯ ಲೆಕ್ಕ ಬಂದು ಬೀಳುವ ಫೋನು ಉಜ್ಜಿ ನೋಡಿ, ಆ ದಿನ ಆ ಕೋಣೆಯಲ್ಲಿ ಇಡೀ ಮಧ್ಯಾಹ್ನ ಇಪ್ಪತ್ತೇಳು ಡಿಗ್ರಿ ಇತ್ತು ಎಂದ. ಇಡೀ ಕಾರ್ಖಾನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇನ್ನೊಂದಿಲ್ಲ ಎಂದ.

"ಕೇಳಿದ್ರಾ?" ಎಂದರು ಧಣಿ. "ಫ್ಯಾನಿಲ್ಲದೆ ಇಪ್ಪತ್ತೇಳು. ವಯಸ್ಸಾಗಿತ್ತು, ಹೋದ. ಯಂತ್ರ ಸುಳ್ಳು ಹೇಳುತ್ತಾ?" ಅಷ್ಟು ತಂಪಿರುವಾಗ ಉಳಿದ ಕೋಣೆಗಳಿಗೂ ಫ್ಯಾನಿನ ಅಗತ್ಯವಿಲ್ಲ, ನಾಳೆಯೇ ಎಲ್ಲವನ್ನೂ ಇಳಿಸಿ ಎಂದು ಮೇಸ್ತ್ರಿಗೆ ಹೇಳಿದರು. ಕುಳ್ಳಿಯ ಕೈ ತಾನಾಗಿ ಕಂಕುಳಲ್ಲಿದ್ದ ತನ್ನ ಮಗುವಿನ ತಲೆಯ ಮೇಲೆ ಹೋಯಿತು. ಅವಳ ಕೋಣೆ ಅದೇ ಸಾಲಿನಲ್ಲಿತ್ತು.

ಮಡಿಕೆಯಕ್ಕ ಮುಂದೆ ಬಂದಳು. ಅವಳ ದನಿ ಮೆತ್ತಗಿತ್ತು.

"ಸ್ವಾಮಿ, ಅದು ಶಾಖ ನೋಡ್ಕೊಳ್ಳುತ್ತೆ ಅಂದಿದ್ರಲ್ಲ. ಯಾಕೆ ನೋಡ್ಕೊಳ್ಲಿಲ್ಲ?"

ಅಳತೆಯವನಿಗೆ ಅರ್ಥವಾಗಲಿಲ್ಲ. "ನೋಡ್ಕೊಳ್ತು ಅಮ್ಮಾ. ಇಲ್ಲಿದೆಯಲ್ಲ."

"ತಣ್ಣಗೆ ಮಾಡಲಿಲ್ಲ."

"ಅದು ಏನೂ ಮಾಡಲ್ಲ ಅಮ್ಮಾ. ಬರೀ ನೋಡುತ್ತೆ."

ಅವಳು ಅದನ್ನೇ ಎರಡು ಸಲ ಬಾಯೊಳಗೆ ಅಂದುಕೊಂಡಳು. ಬರೀ ನೋಡುತ್ತೆ. ಆಮೇಲೆ ಒದ್ದೆ ಬಟ್ಟೆಯ ಕಥೆಯನ್ನು ಹೇಳಿದಳು. ಕೂಸಿನ ಜ್ವರ, ಎರಡು ತುಂಡು, ಒಂದು ತುಂಡು, ಎಲ್ಲವನ್ನೂ. ಅಳತೆಯವನ ಮುಖದಿಂದ ರಕ್ತ ಇಳಿದದ್ದನ್ನು ಮುಂದೆ ನಿಂತವರೆಲ್ಲ ಕಂಡರು. ಅವನು ಧಣಿಯನ್ನು ನೋಡಿದ, ಫೋನನ್ನು ನೋಡಿದ. ವರದಿ ಆಗಲೇ ಮೇಲಕ್ಕೆ ಹೋಗಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡ.

"ಸಂಸ್ಥೆಯ ಯಂತ್ರಕ್ಕೆ ಬಟ್ಟೆ ಸುತ್ತಿದ್ದೆ ಅಂತ ಇನ್ನೊಂದ್ಸಲ ಬಾಯಿ ಬಿಟ್ರೆ ಜೈಲು" ಎಂದರು ಧಣಿ, ಮೊದಲ ಸಲ ತಮ್ಮದೇ ಬಾಯಿಂದ. "ಗಂಡನಿಗೆ ಹಾಕೋ ಬಟ್ಟೇನ ಪೆಟ್ಟಿಗೆಗೆ ಹಾಕಿದೋಳು ನೀನು. ಅವನನ್ನ ಕೊಂದೋರು ಯಾರು, ಯೋಚ್ನೆ ಮಾಡು."

ಅವಳು ಯೋಚಿಸಿದಳು. ಮಡಿಸುವಾಗ, ಉಣ್ಣುವಾಗ, ಖಾಲಿ ಮಂಚದ ಪಕ್ಕ ನೆಲದ ಮೇಲೆ ಕಣ್ಣು ಬಿಟ್ಟು ಮಲಗಿದಾಗ, ಅದನ್ನೇ ಯೋಚಿಸಿದಳು. ಕುಳ್ಳಿಯ ಎದುರಿಗೆ ತುದಿ ಹಿಡಿದು ನಡೆದು ಬಂದಾಗ ಒಮ್ಮೆ ಬೆರಳು ಬಿಡದೆ ಹಾಗೇ ನಿಂತುಬಿಟ್ಟಳು. "ನಾನೇ ಏನೇ?" ಎಂದಳು. ಕುಳ್ಳಿ ಹಾಲಿನ ಆಚೆ ಫ್ಯಾನುಗಳನ್ನು ಗಾಡಿಗೆ ತುಂಬಿಸುತ್ತಿದ್ದ ಮೇಸ್ತ್ರಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಬಟ್ಟೆ ಒಂದೇ ಉಳಿಯೋ ಹಾಗೆ ಮಾಡಿದ್ದು ಯಾರಕ್ಕಾ?" ಎಂದಳು. ಅಷ್ಟೇ. ಇಬ್ಬರೂ ಹಿಂದೆ ಸರಿದು ಮಡಿಸತೊಡಗಿದರು.

ಬಿರುದು ಧಣಿಗೇ ಬಂತು. ಕೊಡಲಿಕ್ಕೆ ದೊಡ್ಡ ಸಾಹೇಬರು ಬರುತ್ತಾರೆ, ಫ್ಯಾನಿಲ್ಲದೆಯೂ ತಂಪಾಗಿರುವ ಆ ಕೋಣೆಯನ್ನು ಕಣ್ಣಾರೆ ನೋಡುತ್ತಾರೆ ಎಂದು ಗೊತ್ತಾಯಿತು. ಬೆಳಿಗ್ಗೆಯೇ ಮುಗಿಯಬೇಕಾದ್ದು, ಸಾಹೇಬರ ಕಾರು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಮೇಸ್ತ್ರಿ ಬೆಳಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ. ಸಾಹೇಬರಿಗೆ ಬಿಸಿ ತಾಗಬಾರದೆಂದು ಹೊಸ ಹಾಸುಬಟ್ಟೆಯೊಂದನ್ನು ನೀರು ತೊಟ್ಟಿಕ್ಕುವ ಹಾಗೇ ತಂದು ಕೋಣೆಯ ಬಾಗಿಲಿಗೆ ಪರದೆಯಾಗಿ ಇಳಿಬಿಟ್ಟ. ಒಣಗಿದರೆ ಮತ್ತೆ ನೆನೆಸಲು ಬಕೆಟ್ಟಿನಲ್ಲಿ ನೀರೂ ಇಟ್ಟ. ಮಡಿಕೆಯಕ್ಕ ಆ ಬಟ್ಟೆಯನ್ನು ನೋಡಿದಳು. ಅಂಥದ್ದರಲ್ಲಿ ಎಷ್ಟು ತುಂಡುಗಳಾಗುತ್ತವೆ ಎಂದು ಅವಳ ಕೈಗೆ ಗೊತ್ತಿತ್ತು.

"ನೀನು ಇಲ್ಲಿ ನಿಂತ್ಕೋಬೇಕು" ಎಂದ ಮೇಸ್ತ್ರಿ. "ಸಾಹೇಬ್ರು ಕೇಳಿದ್ರೆ, ತಣ್ಣಗಿದೆ ಸ್ವಾಮಿ ಅನ್ನಬೇಕು. ಏನನ್ನಬೇಕು?"

"ತಣ್ಣಗಿದೆ ಸ್ವಾಮಿ."

"ನಗ್ತಾ."

"ತಣ್ಣಗಿದೆ ಸ್ವಾಮಿ."

ಸಾಹೇಬರು ಬಂದರು. ಜೊತೆಗೆ ಧಣಿ, ಹಿಂದೆ ತಲೆ ತಗ್ಗಿಸಿದ ಅಳತೆಯವನು. ಪರದೆಯ ಹತ್ತಿರ ಬಂದಾಗ ಒದ್ದೆ ಗಾಳಿ ಮುಖಕ್ಕೆ ಬಡಿದು ಸಾಹೇಬರು, ಆಹಾ, ನಿಜವಾಗಿಯೂ ತಂಪು ಎಂದರು. ಇಲ್ಲೇ ಇರುವವರು ನೀವೇನಮ್ಮಾ, ಹೇಗಿದೆ ಎಂದು ಕೇಳಿದರು.

"ತಣ್ಣಗಿದೆ ಸ್ವಾಮಿ" ಎಂದಳು ಮಡಿಕೆಯಕ್ಕ, ನಗುತ್ತಾ. "ಒಳಗೆ ಬನ್ನಿ. ಮಂಚ ಇದೆ, ಕೂತ್ಕೊಳ್ಳಿ."

ಮೂವರೂ ತಲೆ ಬಗ್ಗಿಸಿ ಒಳಗೆ ಹೋದರು. ಮೇಸ್ತ್ರಿ ಸಾಹೇಬರ ಹಾರ ತರಲು ಆಫೀಸಿನ ಕಡೆ ತಿರುಗಿದ್ದ.

ಅವಳು ಬಾಗಿಲೆಳೆದು ಚಿಲಕ ಸರಿಸಿದಳು. ಆಮೇಲೆ ಪರದೆಯನ್ನು ಒಂದೇ ಸೆಳೆತಕ್ಕೆ ಕೆಳಗಿಳಿಸಿದಳು. ಎರಡು ತುದಿ ಅವಳ ಕೈಗೆ ಬಂತು. ಇನ್ನೆರಡನ್ನು ಹಿಡಿಯಲು ಕುಳ್ಳಿ ಆಗಲೇ ಎದುರಿಗೆ ನಿಂತಿದ್ದಳು, ಯಾರೂ ಕರೆದಿರಲಿಲ್ಲ. ಒಬ್ಬಳು ಬಲಕ್ಕೆ, ಇನ್ನೊಬ್ಬಳು ಎಡಕ್ಕೆ, ಹಿಂಡುವಾಗ ತಿರುಚುವ ಹಾಗೆ ತಿರುಚಿದರು. ಬಟ್ಟೆ ಹುರಿಯಾಯಿತು. ಹುರಿಯನ್ನು ಚಿಲಕಕ್ಕೂ ಬಾಗಿಲುವಾಡದ ಕೊಂಡಿಗೂ ಸುತ್ತಿ, ಇಬ್ಬರೂ ಎದುರುಬದುರು ಕಾಲೂರಿ ಗಂಟು ಬಿಗಿದರು. ಒದ್ದೆ ಬಟ್ಟೆಯ ಗಂಟು ಎಳೆದಷ್ಟೂ ಬಿಗಿಯುತ್ತದೆ. ಅದು ಒಣಗುವವರೆಗೆ ದೇವರೂ ಬಿಚ್ಚಲಾರ.

ಮೊದಲು ಒಳಗಿನಿಂದ ನಗುವಿನ ದನಿ ಬಂತು, ಬಾಗಿಲು ಗಾಳಿಗೆ ಬಡಿದುಕೊಂಡಿತೆಂದು. ಆಮೇಲೆ ತಟ್ಟುವ ಸದ್ದು. ಆಮೇಲೆ ಗುದ್ದುವ ಸದ್ದು. ಧಣಿಯ ಬಾಯಿಂದ ಇಷ್ಟು ದಿನ ಮೇಸ್ತ್ರಿಗೆ ಬಿಟ್ಟುಕೊಟ್ಟಿದ್ದ ಬೈಗುಳಗಳೆಲ್ಲ ಒಂದೊಂದಾಗಿ ಹೊರಬಂದವು. ಮೇಸ್ತ್ರಿ ಹಾರ ಬಿಸುಟು ಓಡಿ ಬಂದು ಗಂಟನ್ನು ಜಗ್ಗಿದ. ಜಗ್ಗಿದಷ್ಟೂ ಅದು ಕಲ್ಲಾಯಿತು. "ಕತ್ತರಿ ತನ್ರೋ ಸೂಳೆಮಕ್ಕಳಾ" ಎಂದು ಹಾಲಿನ ಕಡೆ ಅರಚಿದ. ಹಾಲಿನಿಂದ ಎಲ್ಲರೂ ಹೊರಗೆ ಬಂದಿದ್ದರು. ಕತ್ತರಿ ಎಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅಲುಗಲಿಲ್ಲ. ಅವನೇ ಓಡಿದ. ಹಾಲಿನ ಬಾಗಿಲಲ್ಲಿ ಜನ ಒತ್ತೊತ್ತಾಗಿ ನಿಂತಿದ್ದರು, ಅವರೂ ಅಲುಗಲಿಲ್ಲ.

ಗೋಡೆಯಾಚೆ ಬಾಯ್ಲರಿನ ಕಬ್ಬಿಣದ ಬಾಯಿ ತೆರೆದ ಸದ್ದಾಯಿತು. ಉರಿಯಣ್ಣನ ಕೈಯಲ್ಲಿ ಕೆಲಸ ಕಲಿತವನು ಒಳಗೆ ಇನ್ನೊಂದು ತೆಕ್ಕೆ ಸೌದೆ ಹಾಕಿ, ಬಾಯಿ ಮುಚ್ಚಿದ.

ಮಡಿಕೆಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಹಲಗೆಯ ಬಿಸಿ ಸೀರೆಯೊಳಗಿಂದ ಬೆನ್ನಿಗೆ ಇಳಿಯಿತು. ಒಳಗೆ ಕೂಸು ಕಿಂಯ್ ಕಿಂಯ್ ಎಂದು ಅಳಲು ಶುರುಮಾಡಿತ್ತು.

"ಸ್ವಾಮಿ," ಎಂದಳು, "ಕನ್ನಡಕದ ಸ್ವಾಮಿ. ತಲೆ ಕಡೆ ಮೊಳೆಗೆ ನೇತಾಕಿದೆಯಲ್ಲ, ಅದರಲ್ಲಿ ಎಷ್ಟಿದೆ ಓದಿ."

ಗುದ್ದು, ಕೆಮ್ಮು, ಮಂಚ ಎಳೆದ ಸದ್ದು.

"ನಂಗೆ ಅಂಕಿ ಬರಲ್ಲ. ಓದಿ."

"ಮೂವತ್ತೊಂಬತ್ತು" ಎಂದಿತು ಒಳಗಿನ ದನಿ.

ಅಂಗಳದಲ್ಲಿದ್ದವರೆಲ್ಲ ಅದನ್ನು ಕೇಳಿಸಿಕೊಂಡರು. ಗೇಟಿನ ಆಚೆ ಯಾವುದೋ ಗಾಡಿಯ ಸದ್ದು ಹತ್ತಿರವಾಗುತ್ತಿತ್ತು. ಗಂಟಿನಿಂದ ನೀರು ಅವಳ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಬಕೆಟ್ಟಿಗೆ ಕೈ ಅದ್ದಿ, ಗಂಟಿನ ಮೇಲೆ ಇನ್ನೊಂದು ಬೊಗಸೆ ನೀರು ಹೊಯ್ದಳು.

"ನಲವತ್ತು" ಎಂದಿತು ದನಿ. ಸ್ವಲ್ಪ ಹೊತ್ತು ಬಿಟ್ಟು, "ನಲವತ್ತೊಂದು. ಅಮ್ಮಾ, ಸಾಹೇಬ್ರು ಒಂಥರಾ ಮಾಡ್ತಾ ಇದಾರೆ. ಬಾಗಿಲು ತೆಗೀರಿ ಅಮ್ಮಾ."

"ಬರೀ ನೋಡಿ ಸ್ವಾಮಿ" ಎಂದಳು ಅವಳು. "ಗಟ್ಟಿಯಾಗಿ ಓದಿ. ಬಾಯ್ಲರ್ ಸದ್ದಿಗೆ ಹಿಂದೆ ನಿಂತೋರಿಗೆ ಕೇಳಿಸ್ತಾ ಇಲ್ಲ."